ಚರಗದ ಸುತ್ತು

ಎಳ್ಳಮಾವಾಸ್ಯೆಯ ದಿನ ಗುಡ್ಡದ ಮೇಲೆ ಆದದ್ದನ್ನು ನಮ್ಮ ಮನೆಯಲ್ಲಿ ಯಾರೂ ಮೊದಲಿನಿಂದ ಕೊನೆಯವರೆಗೆ ಹೇಳುವುದಿಲ್ಲ. ಅವ್ವ ಅರ್ಧಕ್ಕೆ ನಿಲ್ಲಿಸಿ ಒಳಗೆ ಹೋಗುತ್ತಾಳೆ. ತಮ್ಮ ತನ್ನ ಪಾಲಿನದನ್ನಷ್ಟೇ ಹೇಳುತ್ತಾನೆ. ಅಪ್ಪ ಏನೂ ಹೇಳುವುದಿಲ್ಲ. ನಾನು ಅಲ್ಲಿದ್ದೆ. ಕಣ್ಣಿಂದ ಕಂಡದ್ದು, ಕಿವಿಯಿಂದ ಕೇಳಿದ್ದು, ಆಮೇಲೆ ಬೇರೆಯವರಿಂದ ತಿಳಿದದ್ದು, ಈ ಮೂರನ್ನೂ ಒಂದರೊಳಗೊಂದು ಕಲಸದೆ ಬರೆಯಬೇಕೆಂದು ಕೂತಿದ್ದೇನೆ.

ನಾವು ಹೋದದ್ದು ಆರು ಜನ. ಅಪ್ಪ, ಅವ್ವ, ನಾನು, ಬೆಳಗಾವಿಯಲ್ಲಿರುವ ನನ್ನ ತಮ್ಮ, ಅವನ ಹೆಂಡತಿ, ಅವರ ಐದು ವರ್ಷದ ಮಗಳು. ಅಪ್ಪ ಅವ್ವ ಬೈಲಹೊಂಗಲದಲ್ಲಿ ನನ್ನ ಜೊತೆಗಿದ್ದಾರೆ. ನಾನು ದಿನಾ ಬಸ್ಸಿನಲ್ಲಿ ಕಿತ್ತೂರಿನ ಕಡೆಯ ಒಂದು ಶಾಲೆಗೆ ಹೋಗಿ ಪಾಠ ಮಾಡಿ ಬರುತ್ತೇನೆ.

ನಮ್ಮ ಹಳೆಯ ಊರು, ಹೊಲ ಎರಡೂ ಮಲಪ್ರಭೆಯ ಜಲಾಶಯದ ನೀರಿನಡಿ ಮುಳುಗಿವೆ. ನೀರು ಬಂದಾಗ ಅಪ್ಪ ಇನ್ನೂ ಮೀಸೆ ಮೂಡದ ವಯಸ್ಸಿನವನು. ಕಪ್ಪುಮಣ್ಣಿನ ಎರಿ ಹೊಲವೆಲ್ಲ ಹೋಗಿ, ಗುಡ್ಡದ ನೆತ್ತಿಯ ಮೇಲಿನ ಒಂದು ತುಂಡು ಮಡ್ಡಿ ಮಾತ್ರ ಉಳಿಯಿತು. ಮಡ್ಡಿ ಎಂದರೆ ಕಲ್ಲುನೆಲ. ಅಲ್ಲಿ ಯಾರೂ ಬಿತ್ತಿದ್ದಿಲ್ಲ, ಬೆಳೆದದ್ದಿಲ್ಲ. ಬೇಸಿಗೆಯಲ್ಲಿ ಆಡು ಕುರಿಗಳೂ ಅತ್ತ ಹೋಗುವುದಿಲ್ಲ. ಆದರೆ ನಮ್ಮ ಹೆಸರಿನಲ್ಲಿ ಉಳಿದ ಹಳೆಯ ಭೂಮಿ ಅದೊಂದೇ. ಹಾಗಾಗಿ ಅಪ್ಪ ಪ್ರತಿ ಎಳ್ಳಮಾವಾಸ್ಯೆಗೂ ಅಲ್ಲಿಗೇ ಹೋಗಿ ಚರಗ ಚೆಲ್ಲುತ್ತಿದ್ದ.

ನಮ್ಮ ಕಡೆ ಚರಗ ಗೊತ್ತಿಲ್ಲದವರಿಲ್ಲ. ಬೇರೆ ಕಡೆಯವರಿಗೆ ಇಷ್ಟು ಹೇಳಬೇಕು. ಭೂತಾಯಿಗೆ ಉಣ್ಣಿಸುವ ಹಬ್ಬ ಅದು. ಮಾಡಿದ ಅಡುಗೆಯಲ್ಲಿ ಎಲ್ಲವನ್ನೂ ಒಂದಿಷ್ಟು ಮುರಿದು ಬುಟ್ಟಿಯಲ್ಲಿ ಕಲಸಿ, ಹೊಲದ ಬದುವಿನ ಗುಂಟ ಸುತ್ತು ಹಾಕುತ್ತ ಚೆಲ್ಲಬೇಕು. ಚೆಲ್ಲುವವನು ಮುಂದೆ. ಅವನ ಹಿಂದೆ ತಂಬಿಗೆ ಹಿಡಿದು ನೀರು ಚಿಮುಕಿಸುವವರು. ಮುಂದಿನವನು ‘ಹುಲ್ಲುಲ್ಲಿಗೋ’ ಎಂದು ಕೂಗಿದರೆ ಹಿಂದಿನವರು ‘ಚೆಲ್ಲಂಬರಿಗೋ’ ಎನ್ನಬೇಕು. ಒಂದೊಂದು ಊರಲ್ಲಿ ಒಂದೊಂದು ಥರ ಕೂಗುತ್ತಾರೆ, ಅರ್ಥ ಕೇಳಿದರೆ ಯಾರೂ ಸರಿಯಾಗಿ ಹೇಳುವುದಿಲ್ಲ. ನಮ್ಮ ಮನೆಯಲ್ಲಿ ಇದಕ್ಕೊಂದು ಕಟ್ಟು ಇತ್ತು. ಚೆಲ್ಲುವವನು ಸುತ್ತು ಮುಗಿಯುವವರೆಗೆ ಹಿಂದಿರುಗಿ ನೋಡಬಾರದು, ಬೇರೆ ಮಾತಾಡಬಾರದು.

ಈ ಕಟ್ಟು ಅಪ್ಪನ ಮಟ್ಟಿಗೆ ಬರೀ ರೂಢಿಯಾಗಿರಲಿಲ್ಲ. ನೀರು ಬರುವ ಮುಂಚಿನ ಕೊನೆಯ ಅಮಾವಾಸ್ಯೆಯಲ್ಲಿ ನಮ್ಮ ಅಜ್ಜ ಅರ್ಧ ಸುತ್ತಿನಲ್ಲಿ ನಿಂತು ತಿರುಗಿ ಊರ ಕಡೆ ನೋಡಿದನಂತೆ. ಮತ್ತೆ ಈ ಹೊಲದಲ್ಲಿ ನಡೆಯುವುದಿಲ್ಲವಲ್ಲ ಎಂಬ ಸಂಕಟಕ್ಕೆ. ಆ ಬೇಸಿಗೆಯಲ್ಲಿ ಅಪ್ಪನ ತಂಗಿ, ಇನ್ನೂ ತೊಟ್ಟಿಲ ಕೂಸು, ಜ್ವರ ಬಂದು ತೀರಿಕೊಂಡಿತು. ಇದನ್ನು ಅಪ್ಪ ನಮಗೆ ಬಹಳ ಸಲ ಹೇಳಿದ್ದಾನೆ. ನಾನು ಕಾಲೇಜಿಗೆ ಹೋಗುವಾಗ, ಅದಕ್ಕೂ ಇದಕ್ಕೂ ಏನು ಸಂಬಂಧ ಎಂದು ಜಗಳ ತೆಗೆದಿದ್ದೆ. ಅಪ್ಪ ಸಿಟ್ಟಾಗಿರಲಿಲ್ಲ. “ಸಂಬಂಧ ಐತಿ ಅಂತ ನಾ ಹೇಳಾಂಗಿಲ್ಲ. ಇಲ್ಲ ಅಂತ ನೀ ಹೆಂಗ ಹೇಳ್ತಿ?” ಎಂದಿದ್ದ.

ಅಲ್ಲಿಗೆ ಹೋಗಲು ಗಾಡಿಯ ದಾರಿಯಿಲ್ಲ. ಸವದತ್ತಿ ರಸ್ತೆಯಲ್ಲಿ ಬಸ್ಸಿಳಿದು ಗುಡ್ಡ ಹತ್ತಿ, ನೆತ್ತಿಯ ಮೇಲೆ ಅರ್ಧ ದಿನ ನಡೆಯಬೇಕು. ಮೊದಲೆಲ್ಲ ಅಪ್ಪ ಅವ್ವ ಇಬ್ಬರೇ ರೊಟ್ಟಿ ಗಂಟು, ಕಂಬಳಿ ಹೊತ್ತು ಹಿಂದಿನ ದಿನವೇ ಹೋಗಿ, ಮರುದಿನ ಚರಗ ಮುಗಿಸಿ ಇಳಿಯುತ್ತಿದ್ದರು. ಹೋದ ವರ್ಷ ತಮ್ಮ, ಎಲ್ಲರೂ ಹೋಗೋಣ, ಮಗಳಿಗೂ ತೋರಿಸೋಣ ಎಂದ. ಅವನಿಗೆ ಭಾನುವಾರಗಳಲ್ಲಿ ಗೆಳೆಯರ ಜೊತೆ ಕೋಟೆ ಕೊತ್ತಲ ಹತ್ತುವ ಹವ್ಯಾಸ. ಬೆಳಗಾವಿಯಿಂದ ಬರುವಾಗ ಬೆನ್ನಿಗೆ ಹಾಕುವ ದೊಡ್ಡ ದೊಡ್ಡ ಚೀಲ, ಮಡಚುವ ಡೇರೆ, ಗ್ಯಾಸಿನ ಸಣ್ಣ ಒಲೆ, ಎಲ್ಲ ತಂದ.

“ಏನೋ ಇದು, ಎತ್ತಿನ ಮ್ಯಾಲಿನ ಹೇರ ಇದ್ದಂಗ ಐತಿ,” ಎಂದಳು ಅವ್ವ.

“ಟ್ರೆಕ್ಕಿಂಗ್ ಬ್ಯಾಗ್ ಬೇ ಅದು. ಎಲ್ಲಾ ವಜ್ಜಿ ಸೊಂಟದ ಮ್ಯಾಲ ಬೀಳತೈತಿ, ಬೆನ್ನ ನೋವಾಗಾಂಗಿಲ್ಲ.”

ಅಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದ. “ಅದಕ್ಕ ಮದ್ಲ ಸೊಂಟ ಇರಬೇಕಲ್ಲೋ. ನಿನಗ ಹೊಟ್ಟಿ ಮುಗದ ಮ್ಯಾಲ ಸೀದಾ ಕಾಲ ಸುರು ಆಗ್ತಾವ.”

ಎಲ್ಲರಿಗಿಂತ ಹೆಚ್ಚು ನಕ್ಕವಳು ತಮ್ಮನ ಹೆಂಡತಿ. ಅವಳ ತವರು ಸುರೇಬಾನದ ಹತ್ತಿರದ ಒಂದು ಹಳ್ಳಿ. ರಾಮದುರ್ಗದ ಕಡೆಯ ಕಲ್ಲುಗುಡ್ಡಗಳಲ್ಲಿ ಸೌದೆ ತಂದು ಬೆಳೆದವಳು. ಸಣ್ಣ ಮೈ, ಕಡಿಮೆ ಮಾತು. ಮದುವೆಯಾಗಿ ಬಂದಾಗಿನಿಂದ ಅಪ್ಪನಿಗೆ ಅವಳೆಂದರೆ ಜೀವ. ಅವಳಿಗೂ ಅಪ್ಪನೆಂದರೆ ಹಾಗೇ. ಊಟಕ್ಕೆ ಕೂತಾಗ ಅಪ್ಪನ ತಾಟಿನಲ್ಲಿ ಚಟ್ನಿ ಮುಗಿದದ್ದು ಅವ್ವನಿಗಿಂತ ಮೊದಲು ಅವಳಿಗೆ ಕಾಣುತ್ತಿತ್ತು. ಇದನ್ನು ಬರೆಯುವುದಕ್ಕೆ ಕಾರಣವಿದೆ. ಮುಂದೆ ಆದದ್ದು ಮೊದಲಿನಿಂದಲೂ ಮನಸ್ಸು ಮುರಿದವರ ನಡುವೆ ಆದದ್ದಲ್ಲ.

ಗುಡ್ಡ ಹತ್ತುವಾಗ ಕೂಸು ಒಂದಿಷ್ಟು ನಡೆಯಿತು, ಒಂದಿಷ್ಟು ನಮ್ಮಪ್ಪನ ಹೆಗಲ ಮೇಲೆ ಕೂತಿತು. ಮೇಲೆ ಹೋದ ಮೇಲೆ ಒಂದು ಕಡೆ ಹಿನ್ನೀರು, ಇನ್ನೊಂದು ಕಡೆ ಕಡಲೆ, ಬಿಳಿಜೋಳದ ಹೊಲಗಳು. ಮುನವಳ್ಳಿಯ ಕಡೆಯಿಂದ ಒಣ ಗಾಳಿ. ಗುಡ್ಡದ ಮೇಲಿನ ಹುಲ್ಲು ಒಣಗಿ ಸೊಂಟದೆತ್ತರ ನಿಂತಿತ್ತು. ನಾವದನ್ನು ಕರಡ ಎನ್ನುತ್ತೇವೆ. ಅದು ಬಂಡೆಗಳ ನಡುವಿನ ಸೀಳುಗಳಲ್ಲಿಯೂ ಬೆಳೆದು ಮೇಲೆ ಒಂದೇ ಸಮನಾಗಿ ಕಾಣುತ್ತದೆ. ತಮ್ಮನ ಹೆಂಡತಿ ಎರಡು ಮೂರು ಸಲ ಮಗಳಿಗೆ ಹೇಳಿದಳು, “ಕರಡದಾಗ ಕಾಲ ಇಡಬ್ಯಾಡ. ಕಲ್ಲ ಮ್ಯಾಲ ನಡಿ.”

“ಯಾಕ, ಹಾವು ಇರ್ತಾವು?”

“ಹಾವೂ ಇರ್ತಾವು.”

ಆ ರಾತ್ರಿ ಡೇರೆಯಲ್ಲಿ ನಾವು ಹೆಂಗಸರು, ಹೊರಗೆ ಕಂಬಳಿ ಹೊದ್ದು ಗಂಡಸರು ಮಲಗಿದೆವು. ಬೆಳಿಗ್ಗೆ ಎದ್ದು ಅಡುಗೆಗೆ ನಿಂತೆವು. ಸಜ್ಜಿರೊಟ್ಟಿ, ಎಳ್ಳಹೋಳಿಗೆ ಮನೆಯಿಂದಲೇ ಬಂದಿದ್ದವು. ಅಲ್ಲಿ ಮಾಡಿದ್ದು ಅನ್ನ, ಪುಂಡಿಪಲ್ಯ, ಬದನೆಕಾಯಿ. ಅಪ್ಪ ಸ್ನಾನಕ್ಕೆಂದು ಕ್ಯಾನಿನ ನೀರನ್ನು ಸ್ವಲ್ಪವೇ ತಲೆಗೆ ಸುರಿದುಕೊಂಡು, ಒದ್ದೆ ಧೋತರದಲ್ಲೇ ಐದು ಕಲ್ಲು ಇಟ್ಟು ಸುಣ್ಣ ಹಚ್ಚಿ ಪೂಜೆ ಮಾಡಿದ.

ಪ್ರತಿ ವರ್ಷ ನೀರು ಚಿಮುಕಿಸುತ್ತಿದ್ದವಳು ಅವ್ವ. ಆ ವರ್ಷ ಅವಳ ಮೊಣಕಾಲು ಗುಡ್ಡ ಹತ್ತಿದ್ದಕ್ಕೇ ಬಾತಿತ್ತು. ನಾನು ಏಳಬೇಕೆನ್ನುವುದರೊಳಗೆ ಕೂಸು ತಂಬಿಗೆ ಎತ್ತಿಕೊಂಡು ನಿಂತುಬಿಟ್ಟಿತ್ತು.

“ನಾ ಹಾಕ್ತೀನಿ ನೀರ. ನನಗ ಬರತೈತಿ.”

“ಏನ್ ಅನಬೇಕು ಗೊತ್ತೈತೇನು?” ಎಂದ ಅಪ್ಪ.

“ಚೆಲ್ಲಂಬಿಗೋ!”

“ಚೆಲ್ಲಂಬರಿಗೋ.”

“ಅದs ಅಂದೆ ನಾ.”

ಅಪ್ಪ ಸೊಸೆಯ ಕಡೆ ನೋಡಿದ. ಅವಳು ಬದುವಿನ ಗುಂಟ ಕಣ್ಣಾಡಿಸಿದಳು. ಬದು ಎಂದರೆ ಹಳೆಯ ಕಲ್ಲಿನ ಸಾಲು. ಎದುರಿನ ಭಾಗವೆಲ್ಲ ಬರೀ ಹಾಸುಬಂಡೆ, ನಾವು ಕೂತಿದ್ದ ಬೇವಿನ ಗಿಡದಿಂದ ಪೂರ್ತಿ ಕಾಣುತ್ತಿತ್ತು. ಹಿಂದಿನ ಭಾಗ ಒಂದು ದೊಡ್ಡ ಬಂಡೆಗುಂಡಿನ ಆಚೆಗೆ ಹೋಗಿ ಮತ್ತೆ ಈಚೆಗೆ ಬರುತ್ತಿತ್ತು. “ಮುತ್ಯಾನ ಹಿಂದ ಹಿಂದs ಹೋಗಬೇಕು. ಆಕಡಿ ಈಕಡಿ ಹೋಗಬಾರದು,” ಎಂದು ಮಗಳ ಲಂಗವನ್ನು ಎತ್ತಿ ಸಿಕ್ಕಿಸಿದಳು. ಅಪ್ಪನಿಗೆ ಹೇಳಿದಳು, “ಮಾವಾರ, ಸಾವಕಾಶ ಹೋಗ್ರಿ.”

ಇಬ್ಬರೂ ಹೊರಟರು. ಅಪ್ಪನ ದನಿ ಆ ವಯಸ್ಸಿನಲ್ಲೂ ಗುಡ್ಡ ಮುಟ್ಟಿ ತಿರುಗಿ ಬರುವಂಥದ್ದು. ಅದರ ಹಿಂದೆ ಕೂಸಿನ ಸಣ್ಣ ದನಿ. ಒಮ್ಮೆ ಸರಿಯಾಗಿ, ಒಮ್ಮೆ ತಪ್ಪಾಗಿ, ಒಮ್ಮೆ ನಗುತ್ತ. ತಂಬಿಗೆಯಿಂದ ನೀರು ಬೇಕಾದ್ದಕ್ಕಿಂತ ಹೆಚ್ಚು ಬೀಳುತ್ತಿತ್ತು. ತಮ್ಮ ಫೋನಿನಲ್ಲಿ ಚಿತ್ರ ತೆಗೆದ. ಅವರು ಗುಂಡಿನ ಹಿಂದೆ ಮರೆಯಾದರು. ತಮ್ಮ ಡೇರೆ ಬಿಚ್ಚಲು ಹೋದ. ಅವನ ಹೆಂಡತಿ ಬುತ್ತಿಗೆ ಮೊಸರು ಕಲಸಲು ಕೂತಳು. ಮರೆಯಲ್ಲಿದ್ದರೂ ದನಿ ಕೇಳುತ್ತಿತ್ತು. ಹುಲ್ಲುಲ್ಲಿಗೋ. ಚೆಲ್ಲಂಬರಿಗೋ. ಹುಲ್ಲುಲ್ಲಿಗೋ. ಚೆಲ್ಲಂಬಿಗೋ.

ಆಮೇಲೆ ಒಂದೇ ದನಿ.

ಇದನ್ನು ನಾನು ಕೇಳಿದೆ. ಅವ್ವ ಕೇಳಿದಳು. ತಮ್ಮನ ಹೆಂಡತಿಯ ಕೈ ಮೊಸರಿನ ಪಾತ್ರೆಯಲ್ಲಿ ನಿಂತದ್ದನ್ನು ಕಂಡೆ. ಅಪ್ಪ ಕೂಗಿದ. ಉತ್ತರಕ್ಕೆ ತಡೆದ. ಮತ್ತೆ ಕೂಗಿದ. ಎರಡನೆಯ ಕೂಗು ಮೊದಲಿನದಕ್ಕಿಂತ ಜೋರಾಗಿತ್ತು. “ದಣದಿರಬೇಕು ಪಾಪ,” ಎಂದಳು ಅವ್ವ. ಅಷ್ಟರಲ್ಲಿ ಅಪ್ಪ ಗುಂಡಿನ ಈಚೆ ಬಂದ. ಅವನ ಹಿಂದೆ ಯಾರೂ ಇರಲಿಲ್ಲ. ಬುಟ್ಟಿಯಿಂದ ಮುಷ್ಟಿ ತುಂಬಿ ಚೆಲ್ಲಿದ, ಕೂಗಿದ, ನಿಂತ. ತಲೆ ಸ್ವಲ್ಪ ಓರೆ ಮಾಡಿ ಕಿವಿಗೊಟ್ಟ. ಆದರೆ ತಿರುಗಲಿಲ್ಲ.

ತಮ್ಮನ ಹೆಂಡತಿ ಎದ್ದು ನಿಂತಳು. “ಮಾವಾರ! ಕೂಸ ಎಲ್ಲಿ?”

ಅಪ್ಪ ಬಲಗೈ ಎತ್ತಿ ಅಂಗೈ ತೋರಿಸಿದ. ತಡಿ, ಮುಗಿಯಲಿ ಎನ್ನುವ ಹಾಗೆ. ಮತ್ತೆ ನಡೆದ. ಸುತ್ತು ಮುಗಿಯಲು ಇನ್ನು ಸ್ವಲ್ಪವೇ ಉಳಿದಿತ್ತು.

“ಮಾವಾರ, ಹಿಂದ ನೋಡ್ರಿ! ಕೂಸಿಲ್ಲ ಹಿಂದ!”

“ಸುತ್ತ ಮುಗಿಯೂತನಾ ಮಾತಾಡಸಬ್ಯಾಡವಾ,” ಎಂದಳು ಅವ್ವ. ಹೇಳಬೇಕೆಂದು ಹೇಳಿದ್ದಲ್ಲ. ನಲವತ್ತು ವರ್ಷದಿಂದ ಬಾಯಲ್ಲಿದ್ದ ಮಾತು ತಾನಾಗಿ ಬಂತು. ತಮ್ಮನ ಹೆಂಡತಿ ಅದನ್ನು ಕೇಳುವಷ್ಟು ಹೊತ್ತು ನಿಲ್ಲಲಿಲ್ಲ. ಮೊಸರಿನ ಕೈಯಲ್ಲೇ ಹೊಲದ ನಡುವೆ ಹಾಯ್ದು ಗುಂಡಿನ ಕಡೆಗೆ ಓಡಿದಳು. ನಾನು ಹಿಂದೆ ಓಡಿದೆ. ಓಡುವಾಗ ಅಪ್ಪನ ಪಕ್ಕದಲ್ಲೇ ಹಾಯ್ದೆ. ಅವನ ಮುಖ ಕಂಡೆ. ಹೆಜ್ಜೆ ಬಿರುಸಾಗಿದ್ದವು. ಕಣ್ಣು ಮಾತ್ರ ಸುಣ್ಣದ ಕಲ್ಲುಗಳ ಮೇಲೆ ನೆಟ್ಟಿದ್ದವು. ಅಲ್ಲಿಗೆ ಹೋಗಿ, ಉಳಿದದ್ದನ್ನೆಲ್ಲ ಸುರಿದು, ಬುಟ್ಟಿ ಬೋರಲು ಹಾಕಿ, ಆಮೇಲೆ ಅಪ್ಪ ತಿರುಗಿದ. ಇದನ್ನು ಅವ್ವ ಹೇಳಿದಳು, ನಾನು ಕಾಣಲಿಲ್ಲ. ತಿರುಗಿ ಖಾಲಿ ಬದುವನ್ನು ನೋಡಿ, “ಹಿಂದನs ಇದ್ಲಲ್ಲ. ನೀರ ಬೀಳೂ ಸಪ್ಪಳಾ ಕೇಳಸ್ತಿತ್ತು,” ಎಂದನಂತೆ.

ಗುಂಡಿನ ಆಚೆ ಬದುವಿಗೆ ಹತ್ತಿಕೊಂಡೇ ಕರಡ ಬೆಳೆದ ಒಂದು ಪಟ್ಟಿ. ಅದರಲ್ಲಿ ಒಂದು ಕಡೆ ಹುಲ್ಲು ಒಳಗೆ ಮಡಚಿತ್ತು. ತಂಬಿಗೆ ಬದುವಿನ ಕಲ್ಲಿನ ಮೇಲೆ ನೆಟ್ಟಗೆ ಇತ್ತು, ಖಾಲಿ. ನೀರು ಮುಗಿದಾಗ ಕೂಸು ಅದನ್ನು ಕೆಳಗಿಟ್ಟು, ಹುಲ್ಲಿನ ಮೇಲಿನ ಇಬ್ಬನಿಯನ್ನು ಕೈಯಲ್ಲಿ ಸವರಿ ಚಿಮುಕಿಸಲು ಹೋಯಿತಂತೆ. ಇದನ್ನು ಅದು ಬಹಳ ದಿನದ ಮೇಲೆ ಹೇಳಿತು.

ಕರಡದ ಕೆಳಗೆ ಬಂಡೆಯ ಸೀಳು. ಮೇಲೆ ಒಬ್ಬರು ಅಡ್ಡ ತಿರುಗಿ ಇಳಿಯುವಷ್ಟು ಅಗಲ, ಕೆಳಗೆ ಹೋದಂತೆ ಇಕ್ಕಟ್ಟು. ಆಳ ಎರಡಾಳುದ್ದ ಇರಬಹುದು. ಮೊದಲು ಏನೂ ಕಾಣಲಿಲ್ಲ. ಆಮೇಲೆ ಲಂಗದ ಹಸಿರು ಕಂಡಿತು.

“ಅವ್ವಾ,” ಎಂದಿತು ಕೂಸು. ಕೂಗಿದ್ದಲ್ಲ. ಪಕ್ಕದಲ್ಲಿ ಮಲಗಿದವರನ್ನು ಎಬ್ಬಿಸುವ ಹಾಗೆ.

ತಮ್ಮ ಓಡಿ ಬಂದು ಇಳಿಯಲು ನೋಡಿದ. ಎದೆಯ ಮಟ್ಟಕ್ಕೆ ಸಿಕ್ಕಿಕೊಂಡ. ಎಳೆದು ತೆಗೆಯಬೇಕಾಯಿತು. ಅವನ ಹೆಂಡತಿ ಸೀರೆ ಬಿಚ್ಚಿದಳು. ಅವ್ವನ ಸೀರೆ, ನನ್ನ ದುಪಟ್ಟಾ, ಡೇರೆಯ ಹಗ್ಗ, ಎಲ್ಲ ಹೆಣೆದು ಅವಳ ಕಂಕುಳಿಗೆ ಕಟ್ಟಿದೆವು. ಹಗ್ಗದ ಮೊದಲ ಹಿಡಿತ ಅಪ್ಪನದು. ಅವನು ಯಾವಾಗ ಬಂದನೋ ನೋಡಿರಲಿಲ್ಲ. ಬಂಡೆಗೆ ಕಾಲು ಕೊಟ್ಟು ಕೂತು, ಅಂಗೈ ಸುಲಿದು ರಕ್ತ ಬರುವವರೆಗೆ ಹಿಡಿದ. ಅವಳು ಬೆನ್ನು ಒಂದು ಗೋಡೆಗೆ, ಪಾದ ಇನ್ನೊಂದು ಗೋಡೆಗೆ ಒತ್ತಿಕೊಂಡು ಇಳಿದಳು.

ಕೆಳಗಿನಿಂದ ಅವಳ ದನಿ ಕೇಳುತ್ತಿತ್ತು. “ಇಲ್ಲೇ ಅದೇನಿ. ಇಲ್ಲೇ ಅದೇನಿ ನಮ್ಮವ್ವಾ. ಕಾಲ ಹಿಡೀತೇನಿ, ಒಂಚೂರು ನೋವಾಗತೈತಿ.” ಆಮೇಲೆ ಬಂದ ಕಿರುಚಾಟವನ್ನು ಬರೆಯಲಾರೆ. ಎಡಗಾಲು ಮೊಣಕಾಲಿನ ಹತ್ತಿರ ಬಂಡೆಯ ಇಕ್ಕಟ್ಟಿನಲ್ಲಿ ತಿರುಚಿ ಕೂತಿತ್ತು. ಅದನ್ನು ಬಿಡಿಸಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಬಿಸಿಲು ಸೀಳಿನೊಳಗೆ ಬಂದು ಅವಳ ತಲೆಯ ಮೇಲೆ ಬಿದ್ದು ಮತ್ತೆ ಸರಿದು ಹೋಯಿತು. ಕೊನೆಗೆ ಅಪ್ಪನ ಕಂಬಳಿಯಲ್ಲಿ ಕೂಸನ್ನು ಕಟ್ಟಿ ಮೇಲೆತ್ತಿದೆವು.

ಗುಡ್ಡದ ಮೇಲೆ ಫೋನು ಹತ್ತಲಿಲ್ಲ. ತಮ್ಮ ಗಾಡಿ ಕರೆಯಲು ಮುಂದೆ ಓಡಿದ. ಕಂಬಳಿಯ ನಾಲ್ಕು ಮೂಲೆ ಹಿಡಿದು ನಾವು ಇಳಿದೆವು. ಅಪ್ಪ, ತಮ್ಮನ ಹೆಂಡತಿ, ನಾನು, ಮತ್ತೆ ಕೂಗು ಕೇಳಿ ಬಂದಿದ್ದ ಒಬ್ಬ ಕುರಿಗಾರ. ಅವ್ವ ಮೊಣಕಾಲು ಹಿಡಿದು ಹಿಂದೆ ಬಂದಳು. ಕೂಸು ಅಳುವುದನ್ನು ನಿಲ್ಲಿಸಿತ್ತು. ಅದರ ಪಾದ ಕಂಬಳಿಯಿಂದ ಹೊರಗಿತ್ತು. ನಾನು ಆ ಮೂಲೆಯಲ್ಲಿದ್ದೆ. ನಡೆಯುವಾಗ ನನ್ನ ಕೈಗೆ ತಾಗುತ್ತಿತ್ತು. ಬಿಸಿಲಲ್ಲೂ ಅದು ತಣ್ಣಗಿತ್ತು. ನಾನದನ್ನು ಯಾರಿಗೂ ಹೇಳದೆ ಬೆಚ್ಚಗಾಗಲೆಂದು ಕಂಬಳಿಯೊಳಗೆ ಸರಿಸಿದೆ.

ಸವದತ್ತಿಯಲ್ಲಿ ನೋಡಿದ ಡಾಕ್ಟರು ಪಾದದ ಮೇಲೆ ಬೆರಳಿಟ್ಟು, ಇನ್ನೊಂದು ಕಡೆ ಇಟ್ಟು, ಮತ್ತೆ ಇಟ್ಟರು. ನಾಡಿ ಸಿಗುತ್ತಿಲ್ಲ, ನಿಲ್ಲಬೇಡಿ, ಧಾರವಾಡಕ್ಕೆ ಹೋಗಿ ಎಂದರು. ಧಾರವಾಡ ಮುಟ್ಟಿದಾಗ ದೀಪ ಹತ್ತಿದ್ದವು. ಎಲುಬು ಮುರಿದು ಮೊಣಕಾಲ ಹಿಂದಿನ ರಕ್ತನಾಳ ಹರಿದಿತ್ತು. ನಾಳ ಜೋಡಿಸಲು ನೋಡಿದರು. ಒಂದು ದಿನ ಪಾದಕ್ಕೆ ಸ್ವಲ್ಪ ಬಣ್ಣ ಬಂದಂತೆ ಕಂಡಿತು. ಮರುದಿನ ಹೋಯಿತು. ಆಮೇಲೆ ಜ್ವರ ಏರಿತು. ಕಾಲು ಉಳಿಸಿಕೊಂಡರೆ ಜೀವ ಹೋಗುತ್ತದೆ ಎಂದು ದೊಡ್ಡ ಡಾಕ್ಟರು ಹೇಳಿದರು. ಮೊಣಕಾಲಿನ ಮೇಲಿನಿಂದ ಕತ್ತರಿಸಿ ತೆಗೆದರು.

ಆಪರೇಷನ್ ಆದ ಮಧ್ಯಾಹ್ನ ಡಾಕ್ಟರು ಹೊರಗೆ ಬಂದು ಜೀವಕ್ಕೆ ಇನ್ನು ಭಯವಿಲ್ಲ ಎಂದರು. ತಮ್ಮ ಗೋಡೆಗೆ ಒರಗಿ ಕೂತುಬಿಟ್ಟ. ಅವನ ಹೆಂಡತಿ ನಿಂತೇ ಇದ್ದಳು. ಅವಳಿಗೊಂದು ಕೇಳುವುದಿತ್ತು.

“ಸರ್, ಬಿದ್ದ ಗಳಿಗ್ಯಾಗ ನಮಗ ಗೊತ್ತಾಗಿದ್ರ? ಆಕಿನ ಹುಡಕಾಕ ಸ್ವಲ್ಪ ತಡಾ ಆತು. ಆ ತಡಾ ಆಗದಿದ್ರ?”

“ಎಷ್ಟು ತಡ?”

ಅವಳು ಅಪ್ಪನ ಕಡೆ ನೋಡಲಿಲ್ಲ. “ಭಾಳ ಅಲ್ರಿ. ಒಂದ ಸುತ್ತಿನ ಕೊನಿ ಅಷ್ಟ.”

ಡಾಕ್ಟರಿಗೆ ಅದು ಅರ್ಥವಾಗಿರಲಿಕ್ಕಿಲ್ಲ. ಆದರೆ ತಿಳಿದವರ ಹಾಗೆ ಹೇಳಿದರು, “ನಿಮಿಷದ ಮಾತಲ್ಲಮ್ಮ ಇದು. ಬಿಡಿಸೋದಕ್ಕೆ, ಗುಡ್ಡ ಇಳಿಯೋದಕ್ಕೆ, ಇಲ್ಲಿಗೆ ಬರೋದಕ್ಕೆ ತಾಸುಗಟ್ಟಲೆ ಹೋಗಿದೆ. ಅದರಿಂದ ಆಗಿದ್ದು. ಯಾರ ತಪ್ಪೂ ಅಲ್ಲ.”

ಅವರು ಹೋದ ಮೇಲೆ ಅಪ್ಪ ಬೆಂಚಿನಿಂದ ಎದ್ದ. ಆ ಮೂರು ನಾಲ್ಕು ದಿನ ಅವನು ಆ ಬೆಂಚು ಬಿಟ್ಟಿರಲಿಲ್ಲ. ಅಂಗೈಗೆ ಯಾರೋ ನರ್ಸಮ್ಮ ಪಟ್ಟಿ ಕಟ್ಟಿದ್ದರು. ಡಾಕ್ಟರ ಮಾತಿನಿಂದ ಅವನ ಮುಖದಲ್ಲಿ ಏನೋ ಸಡಿಲವಾದದ್ದು ಕಂಡೆ. ಸೊಸೆಯ ಹತ್ತಿರ ಹೋಗಿ, “ಯವ್ವಾ,” ಎಂದ.

ಅವಳೇ ಕೇಳಿದಳು. ದನಿ ಏರಿಸಲಿಲ್ಲ. “ನಾ ಒದರಿದ್ದು ನಿಮಗ ಕೇಳಿತ್ತಿಲ್ರಿ?”

“ಕೇಳಿತ್ತು.”

“ಕೂಸಿನ ದನಿ ನಿಂತದ್ದು?”

“ಅದೂ ತಿಳೀತು.” ಅಪ್ಪ ನೆಲ ನೋಡಿದ. “ಹಿಂದ ನೋಡಿದ್ರ ಆಕಿಗೇ ಏನರ ಆದೀತು ಅಂತ ಅಂಜಿದೆ ಯವ್ವಾ. ಆಕಿ ಸಲವಾಗೇ ನೋಡಲಿಲ್ಲ. ಮುಗಸೂಣು, ಮುಗಸಿ ಓಡಿ ಹೋಗೂಣು ಅಂತ.”

ವಾರ್ಡಿನ ಬಾಗಿಲಲ್ಲಿ ಯಾರೋ ಊಟದ ಡಬ್ಬಿ ಹಿಡಿದು ದಾರಿ ಕೇಳಿದರು. ಅವಳು ಸರಿದು ಅವರಿಗೆ ದಾರಿ ಬಿಟ್ಟಳು.

“ನೀವು ನೋಡಿದ್ರೂ ಕಾಲ ಹೋಗತಿತ್ತು,” ಎಂದಳು ಆಮೇಲೆ. “ಡಾಕ್ಟರ ಹೇಳಿದ್ದು ನನಗ ತಿಳದೈತ್ರಿ. ನಿಮ್ಮಿಂದ ಆತು ಅಂತ ನಾ ಎಲ್ಲೂ ಹೇಳಾಂಗಿಲ್ಲ. ಆದ್ರ ನೀವು ನೋಡಲಿಲ್ಲ, ಮಾವಾರ.”

ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ತಮ್ಮ “ಏ, ಇರಲಿ ಬಿಡ,” ಎಂದ. ಅವಳು ಅವನ ಕಡೆಗೂ ನೋಡಲಿಲ್ಲ. ಒಳಗೆ ಹೋದಳು.

ಸಂಜೆ ಕೂಸಿಗೆ ಎಚ್ಚರವಾಯಿತು. ನಾನು ಒಳಗಿದ್ದೆ. ಅಪ್ಪ ಬಾಗಿಲ ಹೊರಗೆ, ಪರದೆಯ ಮಗ್ಗುಲಲ್ಲಿ ನಿಂತಿದ್ದ. ಒಳಗೆ ಆಡಿದ್ದು ಅವನಿಗೆ ಕೇಳುವಷ್ಟು ಹತ್ತಿರ.

“ಅವ್ವಾ, ಕಾಲ ತುರಸಾಕತ್ತೈತಿ.”

“ಎಲ್ಲಿ?”

“ಬೆರಳಾಗ. ಈ ಕಾಲಿಂದು.”

ತಮ್ಮನ ಹೆಂಡತಿ ಕೈ ಚಾಚಿದಳು. ಹಾಸಿಗೆಯ ಮೇಲೆ, ಬಟ್ಟೆ ಚಪ್ಪಟೆಯಾಗಿ ಬಿದ್ದಿದ್ದ ಕಡೆ, ಉಗುರಿನಿಂದ ಮೆಲ್ಲಗೆ ಕೆರೆದಳು. “ಇಲ್ಲೇನು?”

“ಹೂಂ. ಮುತ್ಯಾ ಎಲ್ಲಿ?”

“ಹೊರಗ ಅದಾನ.”

“ಕರಿ.”

ಅವಳ ಕೈ ಹಾಸಿಗೆಯ ಮೇಲೆ ನಿಂತಿತು. ಪರದೆಯ ಕೆಳಗೆ ಅಪ್ಪನ ಪಾದ ಕಾಣುತ್ತಿದ್ದವು. ಅವಳಿಗೂ ಕಾಣುತ್ತಿದ್ದವು.

“ಇವತ್ತ ಬ್ಯಾಡ.”

“ಯಾಕ?”

“ಮಕ್ಕೋ ಈಗ. ನಿನಗ ದಣವಾಗೈತಿ.”

ಪಾದಗಳು ಅಲ್ಲೇ ಸ್ವಲ್ಪ ಹೊತ್ತು ಇದ್ದು ಆಮೇಲೆ ಸರಿದವು. ನಾನು ಹೊರಗೆ ಹೋದಾಗ ಅಪ್ಪ ಮೆಟ್ಟಿಲಿನ ಹತ್ತಿರ ಚಪ್ಪಲಿ ಮೆಟ್ಟುತ್ತಿದ್ದ. ಬೈಲಹೊಂಗಲದ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಕೇಳಿದ. ಹೇಳಿದೆ. ಅವ್ವನನ್ನು ಕರೆಯಲೇ ಎಂದೆ. “ಆಕಿ ಇಲ್ಲೇ ಇರಲಿ. ಕೂಸಿಗೆ ಬೇಕಾಗ್ತಾಳ,” ಎಂದು ಇಳಿದು ಹೋದ.

ಇದಾಗಿ ವರ್ಷ ದಾಟಿದೆ. ಈ ಸಲ ಎಳ್ಳಮಾವಾಸ್ಯೆಗೆ ನಮ್ಮ ಮನೆಯಿಂದ ಗುಡ್ಡಕ್ಕೆ ಯಾರೂ ಹೋಗಲಿಲ್ಲ. ಹೋಗೋಣವೇ ಎಂದು ಕೂಡ ಯಾರೂ ಕೇಳಲಿಲ್ಲ. ಅಪ್ಪ ಅಂದು ಬೆಳಿಗ್ಗೆ ಎದ್ದು ಮುಖ ತೊಳೆದು ಅಂಗಳದಲ್ಲಿ ಕೂತ, ಊಟಕ್ಕೆ ಕರೆಯುವವರೆಗೆ ಕೂತೇ ಇದ್ದ.

ಕೂಸಿಗೆ ಕೃತಕ ಕಾಲು ಹಾಕಿದ್ದಾರೆ. ಬೆಳೆದಂತೆ ಬದಲಿಸಬೇಕಂತೆ. ಅದಕ್ಕೆ ಇನ್ನೂ ಸರಿಯಾಗಿ ಒಗ್ಗಿಲ್ಲ. ಮನೆಯಲ್ಲಿ ಬಿಚ್ಚಿಟ್ಟು ಕುಂಟುತ್ತಲೋ ತೆವಳುತ್ತಲೋ ಓಡಾಡುತ್ತದೆ. ತಮ್ಮನ ಹೆಂಡತಿ ಬೈಲಹೊಂಗಲಕ್ಕೆ ಬರುವುದನ್ನು ಬಿಟ್ಟಿಲ್ಲ. ಹಬ್ಬಕ್ಕೆ, ರಜೆಗೆ ಮೊದಲಿನ ಹಾಗೇ ಬರುತ್ತಾಳೆ. ಅಪ್ಪನಿಗೆ ತಾಟು ಹಚ್ಚುತ್ತಾಳೆ. ಗುಳಿಗೆ ತೆಗೆದುಕೊಂಡಿರೇನು ಎಂದು ಕೇಳುತ್ತಾಳೆ. ಕೂಸು ಅಪ್ಪನ ಮಗ್ಗುಲಲ್ಲಿ ಕೂತು ಆಡುತ್ತದೆ, ಅವನ ಪೇಟಾ ಬಿಚ್ಚಿ ಸುತ್ತುತ್ತದೆ. ಅದನ್ನು ಅವಳು ಯಾವತ್ತೂ ಬೇಡವೆಂದಿಲ್ಲ. ಆದರೆ ಅವರಿಬ್ಬರನ್ನೇ ಬಿಟ್ಟು ಅವಳು ಕೋಣೆಯಿಂದ ಏಳುವುದಿಲ್ಲ. ಎದ್ದರೆ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡೇ ಏಳುತ್ತಾಳೆ. ಅದು ಎಷ್ಟು ಅತ್ತರೂ, ನಾನೋ ಅವ್ವನೋ ಬಂದು ಅಲ್ಲಿ ಕೂರುವವರೆಗೆ ಬಿಡುವುದಿಲ್ಲ.

ಈಗ ಅಪ್ಪ ಅದಕ್ಕೂ ಆಸ್ಪದ ಕೊಡುವುದಿಲ್ಲ. ಹೋದ ವಾರ ಕಂಡೆ. ಅಡುಗೆಮನೆಯಲ್ಲಿ ಹಾಲು ಉಕ್ಕುವ ವಾಸನೆ ಬಂದು ಅವಳು ಏಳಲೆಂದು ನೆಲಕ್ಕೆ ಕೈಯೂರಿದಳು. ಅಷ್ಟರಲ್ಲೇ ಅಪ್ಪ ತನ್ನ ತೊಡೆಯ ಮೇಲಿದ್ದ ಕೂಸನ್ನು ಎರಡೂ ಕೈಯಿಂದ ಎತ್ತಿ ಅವಳ ಕಡೆಗೆ ಚಾಚಿದ. ಅವಳು ತೆಗೆದುಕೊಂಡು ಒಳಗೆ ಹೋದಳು.